ಖಾಲಿ ಗುಳ್ಳೆ

ಓದುತ್ತಿದ್ದ ನರ್ಸಮ್ಮ ಥಟ್ಟನೆ ನಿಲ್ಲಿಸಿದರು. ಚಾಪೆಯ ಮೇಲೆ ಸುತ್ತ ಕೂತಿದ್ದವರೆಲ್ಲ ಕತ್ತೆತ್ತಿ ನೋಡಿದರು.

"ಯಾಕ್ರೀ ನಿಲ್ಲಿಸಿದ್ರಿ? ಮಗಳ ಮಾತು ನಿಮ್ಮದೇ ತಾನೆ?" ಎಂದರು ಸಂಪಾದಕರು.

"ನಂದೇ. ಆದ್ರೆ ಇಲ್ಲಿ ಮಾತೇ ಇಲ್ವಲ್ಲ. ಗುಳ್ಳೆ ಖಾಲಿ ಇದೆ."

ಎಲ್ಲರ ಕಣ್ಣೂ ಮೂಲೆಯ ಇಳಿಜಾರು ಮೇಜಿನ ಕಡೆ ತಿರುಗಿತು. ಅಲ್ಲಿ ಕೂತು ನಿಬ್ಬು ಒರೆಸುತ್ತಿದ್ದವಳು ಮಾತ್ರ ತಲೆಯೆತ್ತಲಿಲ್ಲ.

ಗುಳ್ಳೆ ತುಂಬುವುದೇ ಅವಳ ಕಸುಬು. ಮಾಂಗಾ ಎಂಬ ಜಪಾನಿನ ಚಿತ್ರಕಥೆ ಪುಸ್ತಕಗಳನ್ನು ತಮ್ಮ ಭಾಷೆಗೆ ತರುತ್ತಿದ್ದ ಪುಟ್ಟ ಪ್ರಕಾಶನ ಅದು. ಅನುವಾದಕರು ಕಳಿಸಿದ ಮಾತುಗಳನ್ನು ಪಾತ್ರಗಳ ತಲೆಯ ಮೇಲಿನ ಬಿಳಿ ಗುಳ್ಳೆಗಳಲ್ಲಿ ಕೈಯಿಂದಲೇ ಬರೆದು ಕೂರಿಸುತ್ತಿದ್ದಳು. ಒಮ್ಮೆ ಕಂಪ್ಯೂಟರ್ ಅಕ್ಷರ ಹಾಕಿ ನೋಡಿದಾಗ, ಇದೇನು ಕಥೆಯೋ ಕೋರ್ಟ್ ನೋಟಿಸೋ ಎಂದು ಓದುಗರು ಉಗಿದಿದ್ದರು. ಆಮೇಲೆ ಯಾರೂ ಆ ಸಾಹಸಕ್ಕೆ ಕೈ ಹಾಕಲಿಲ್ಲ. ಎಲ್ಲರಿಗೂ ಅವಳು ಗುಳ್ಳೆಯಕ್ಕ.

ಇನ್ನೊಂದು ಪದ್ಧತಿಯೂ ಅಲ್ಲಿತ್ತು. ಯಾವ ಭಾಗವೇ ಆಗಲಿ, ಅಚ್ಚಿಗೆ ಹೋಗುವ ಮೊದಲು ಒಂದು ಶನಿವಾರ ಅಭಿಮಾನಿಗಳು ಬಂದು ಕರಡನ್ನು ಜೋರಾಗಿ ಓದಬೇಕು. ಯಾರಿಗೆ ಯಾವ ಪಾತ್ರದ ಮೇಲೆ ಪ್ರೀತಿಯೋ ಅವರಿಗೆ ಆ ಪಾತ್ರ. ಬಾಯಿಗೆ ಕೂರದ ಮಾತು ಪುಸ್ತಕದಲ್ಲೂ ಕೂರುವುದಿಲ್ಲ ಎಂಬುದು ಸಂಪಾದಕರ ನಂಬಿಕೆ.

ಅಂದು ಓದುತ್ತಿದ್ದದ್ದು 'ಕಲ್ಲುಗೈ'ನ ಕೊನೆಯ ಭಾಗ. ಕಲ್ಲುಗೈ ಎಂದರೆ ಊರನ್ನು ಕಾಯುವ ವೀರ. ಬೀಳುವ ಸೇತುವೆಗೆ ಭುಜ ಕೊಡುತ್ತಾನೆ, ಕುಸಿಯುವ ಸುರಂಗವನ್ನು ಅಂಗೈಯಲ್ಲಿ ತಡೆಯುತ್ತಾನೆ. ಅದೇ ಕೈ ಮನೆಗೆ ಬಂದರೆ ಹೆಂಡತಿಯ ಮೇಲೆ, ಮಗಳ ಮೇಲೆ. ಈಗ ಆ ಕೈಗಳು ಪುಡಿಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾನೆ, ಎದುರಿಗೆ ಮಗಳು ನಿಂತಿದ್ದಾಳೆ. "ಕ್ಷಮಿಸ್ತೀಯಾ?" ಎಂದು ಕೇಳುತ್ತಾನೆ. ಮುಂದಿನ ಚಿತ್ರದಲ್ಲಿ ಮಗಳ ಮುಖ, ಪಕ್ಕದಲ್ಲಿ ಅಷ್ಟು ದೊಡ್ಡ ಗುಳ್ಳೆ. ಅದರೊಳಗೆ ಏನೂ ಇಲ್ಲ.

"ಮತ್ತೆ ಮರೆತ್ರಾ ಗುಳ್ಳೆಯಕ್ಕ?" ಎಂದ ಕಲ್ಲುಗೈನ ಮಾತು ಓದುತ್ತಿದ್ದ ವಿಮಾ ಏಜೆಂಟ್. ಎಲ್ಲರೂ ನಕ್ಕರು. ನಗಲು ಕಾರಣವಿತ್ತು. ಮೂರನೇ ಭಾಗದಲ್ಲಿ ಅವಳು ನಿಜಕ್ಕೂ ಒಂದು ಗುಳ್ಳೆಯನ್ನು ಮರೆತಿದ್ದಳು. ಖಳನಾಯಕ ಇಡೀ ಪುಟದ ತುಂಬ ಬಾಯಿ ತೆರೆದು ಅಬ್ಬರಿಸುತ್ತಿದ್ದ, ಮಾತೇ ಇರಲಿಲ್ಲ. ಅಂಗಡಿಯವರು ಕಟ್ಟುಗಟ್ಟಲೆ ಪುಸ್ತಕ ವಾಪಸ್ ಕಳಿಸಿದರು. ಓದುಗನೊಬ್ಬ ಆ ಗುಳ್ಳೆಯಲ್ಲಿ 'ಇಂಕ್ ಮುಗಿದಿದೆ, ನಾಳೆ ಬನ್ನಿ' ಎಂದು ಬರೆದು ಅಂಚೆಯಲ್ಲಿ ಕಳಿಸಿದ್ದ.

"ಇದು ಮರೆತದ್ದಲ್ಲ. ಮೂಲದಲ್ಲೂ ಹೀಗೇ ಇದೆ," ಎಂದಳು.

"ಇರಲಿ. ಕ್ಷಮಿಸಿದೆ ಅಪ್ಪ ಅಂತ ಹಾಕಿಬಿಡಿ," ಎಂದ ಏಜೆಂಟ್. "ಇಷ್ಟು ಭಾಗ ಓದಿದ್ದೀವಿ, ಕೊನೆಗಾದ್ರೂ ಮನಸ್ಸಿಗೆ ಹಾಯ್ ಅನ್ನಿಸಬೇಡ್ವಾ?"

"ನಿಮ್ಮ ಮನಸ್ಸಿಗೆ ಹಾಯ್ ಅನ್ನಿಸೋಕೆ ಅವಳು ಕ್ಷಮಿಸಬೇಕಾ?" ನರ್ಸಮ್ಮ ಕನ್ನಡಕ ತೆಗೆದರು. "ಮನೆಗೆ ಮಾರಿ, ಊರಿಗೆ ಉಪಕಾರಿ. ಇಂಥೋರನ್ನ ನಾನು ವಾರ್ಡಲ್ಲಿ ಎಷ್ಟು ನೋಡಿಲ್ಲ! ಪಟ್ಟಿ ಕಟ್ಟಿಸ್ಕೊಳ್ಳೋಕೆ ಹೆಂಡತೀನ ಕರ್ಕೊಂಡು ಬರ್ತಾರೆ. ಮೆಟ್ಟಿಲಿಂದ ಬಿದ್ಲು ಅಂತಾರೆ. ಮನೇಲಿ ಮೆಟ್ಟಿಲೇ ಇರಲ್ಲ."

"ಅವನು ಬದಲಾಗಿದ್ದಾನಲ್ರೀ!"

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು."

"ಎಷ್ಟು ಜನರ ಜೀವ ಉಳಿಸಿದ್ದಾನೆ, ಅದನ್ನೂ ಲೆಕ್ಕಕ್ಕೆ ಹಿಡೀಬೇಕಲ್ವಾ?" ಎಂದಿತು ಬಾಗಿಲಿನಿಂದ ಇನ್ನೊಂದು ದನಿ. "ವಯಸ್ಸಾಗಿದೆ, ತಪ್ಪಾಯ್ತು ಅಂತಿದ್ದಾನೆ. ಒಂದು ಮಾತು ಹೇಳಿದ್ರೆ ಮಗಳ ಗಂಟೇನು ಹೋಗುತ್ತೆ?"

ನಿಬ್ಬು ಒರೆಸುತ್ತಿದ್ದ ಗುಳ್ಳೆಯಕ್ಕ ತಿರುಗಿ ನೋಡಿದಳು. ಅವಳ ತಮ್ಮ ಚಪ್ಪಲಿ ಬಿಚ್ಚದೆ ಹೊಸಿಲ ಹೊರಗೇ ನಿಂತಿದ್ದ. ಕೈಯಲ್ಲಿ ಆಮಂತ್ರಣ ಪತ್ರವಿತ್ತು. ಜನ್ಮದಲ್ಲಿ ಒಂದು ಮಾಂಗಾ ತೆರೆದವನಲ್ಲ. ಅವನು ವಕಾಲತ್ತು ವಹಿಸುತ್ತಿದ್ದದ್ದು ಯಾವ ಅಪ್ಪನ ಪರವಾಗಿ ಎಂಬುದು ಅವಳಿಗೊಬ್ಬಳಿಗೇ ಗೊತ್ತಾಯಿತು. ಅವಳಿಗೆ ಕೋಪ ಬಂತು, ಕಿವಿ ಬಿಸಿಯಾಗುವಷ್ಟು.

"ಅವನಿಂದ ಉಳಿದುಕೊಂಡೋರು ಬೇಕಾದ್ರೆ ಆ ಮಾತು ಹೇಳಲಿ. ಅವರಿಗೆ ಅವನು ಜೀವ ಕೊಟ್ಟಿದ್ದಾನೆ," ಎಂದಳು. "ಮಗಳಿಗೆ ಏನು ಕೊಟ್ಟ ಅನ್ನೋದು ಎರಡನೇ ಭಾಗದಲ್ಲಿದೆ. ಓದು."

ಈ ಅಕ್ಕ-ತಮ್ಮನ ಅಪ್ಪ ಆಂಬುಲೆನ್ಸ್ ಚಾಲಕ. ಎಂಥ ಸಂದಿಯಲ್ಲೂ ಗಾಡಿ ನುಗ್ಗಿಸಿ ಆಸ್ಪತ್ರೆ ಮುಟ್ಟಿಸುವವ. ಬೀದಿಯಲ್ಲಿ ಹೊರಟರೆ ಜನ ನಿಂತು ಕೈ ಮುಗಿಯುತ್ತಿದ್ದರು. ಮನೆಯಲ್ಲಿ ಮಾತ್ರ ಗಾಡಿಯ ಕೀಲಿ ಗೋಡೆಯ ಗೂಡಿನೊಳಗೆ ಬೀಳುವ ಸದ್ದಿಗೆ ಎಲ್ಲರೂ ಕಿವಿಯಾಗುತ್ತಿದ್ದರು. ಮೆಲ್ಲಗೆ ಇಟ್ಟರೆ ಊಟ, ಎಸೆದರೆ ಏಟು. ಒಂದು ದಿನ ಬಿದ್ದ ಏಟಿಗೆ ಅಮ್ಮನ ಎಡಗಿವಿ ಹೋಯಿತು. ಹೋದ ಕಿವಿಯನ್ನೂ ಅಮ್ಮ ಕೆಲಸಕ್ಕೆ ಹಚ್ಚಿದಳು. ಬೇಡದ ಮಾತು ಶುರುವಾದರೆ ಆ ಕಡೆಗೆ ಎಡಗಿವಿ ಕೊಟ್ಟು ಕೂರುತ್ತಿದ್ದಳು.

ಅಭಿಮಾನಿಗಳು ಎದ್ದು ಹೋದ ಮೇಲೆ ತಮ್ಮ ಒಳಗೆ ಬಂದ.

"ನಾಳೆ ಸಂಜೆ ಅಪ್ಪನಿಗೆ ಸನ್ಮಾನ. ಮಕ್ಕಳ ಪರವಾಗಿ ನೀನು ಮಾತಾಡ್ಬೇಕು. ಕಾರ್ಡಲ್ಲಿ ಹಾಕಿಸಿದ್ದಾರೆ."

"ನನ್ನ ಕೇಳದೆ?"

"ಅಪ್ಪನೇ ಹಾಕಿಸಿದ್ದು. ಅವರು ಮೊದಲಿನ ಹಾಗಿಲ್ಲ ಅಕ್ಕ. ಈಗ ಅಮ್ಮನಿಗೆ ಬೆಳಿಗ್ಗೆ ಕಾಫಿ ಅವರೇ ಮಾಡಿಕೊಡ್ತಾರೆ."

"ಕಾಫಿ ಕುಡಿದ್ರೆ ಅಮ್ಮನಿಗೆ ಎಡಗಿವಿ ಕೇಳ್ಸುತ್ತಾ?"

ಅವನು ಕಾರ್ಡಿನ ಅಂಚನ್ನು ಮಡಚುತ್ತ ನಿಂತ. ಚಿಕ್ಕವನಿದ್ದಾಗ ಕೀಲಿಯ ಸದ್ದಿಗೆ ಓಡಿಬಂದು ಇವಳ ಬೆನ್ನ ಹಿಂದೆಯೇ ಅವಿತುಕೊಳ್ಳುತ್ತಿದ್ದ. ಅದು ನೆನಪಾಗಿ ಅವಳಿಗೆ ಅವನ ಮೇಲೆ ಪೂರ್ತಿ ಸಿಟ್ಟು ಮಾಡಲೂ ಆಗಲಿಲ್ಲ.

"ಅಮ್ಮ ಬರ್ತಾಳಾ?" ಎಂದು ಕೇಳಿದಳು.

"ಮುಂದಿನ ಸಾಲಲ್ಲೇ ಕೂರಿಸ್ತೀವಿ."

"ಹಾಗಾದ್ರೆ ಬರ್ತೀನಿ."

ತಮ್ಮ ಗೆದ್ದವನಂತೆ ಮೆಟ್ಟಿಲಿಳಿದು ಹೋದ.

ಸಂಪಾದಕರು ಕುರ್ಚಿ ಎಳೆದುಕೊಂಡು ಅವಳ ಮೇಜಿನ ಪಕ್ಕ ಕೂತರು. ಕೆಟ್ಟವರಲ್ಲ. ಮೂರನೇ ಭಾಗದಿಂದ ಅಂಗಡಿಯವರೆಂದರೆ ಎದೆ ಡವಗುಟ್ಟುತ್ತಿತ್ತು, ಅಷ್ಟೇ.

"ನೋಡಮ್ಮ, ಮೌನಂ ಸಮ್ಮತಿ ಲಕ್ಷಣಂ ಅಂತಾರೆ. ಅವಳು ಸುಮ್ಮನಿದ್ದಾಳೆ ಅಂದ್ರೆ ಒಪ್ಪಿದ್ದಾಳೆ ಅಂತಲೇ. ನಾವು ಅದನ್ನ ಬಾಯಿಬಿಟ್ಟು ಹೇಳಿದ್ರೆ ತಪ್ಪೇನು?"

"ಆ ಗಾದೆ ಕಟ್ಟಿದೋನು ಸುಮ್ಮನೆ ಕೂತಿದ್ದೋರನ್ನ ಕೇಳಿ ಕಟ್ಟಲಿಲ್ಲ ಸರ್."

"ಮತ್ತೆ ಪುಸ್ತಕ ವಾಪಸ್ ಬಂದ್ರೆ?"

"ಬರಲಿ."

"ನೀನು ಬರೀದಿದ್ರೆ ಕಂಪ್ಯೂಟರಲ್ಲಿ ಹಾಕಿಸ್ತೀನಿ."

"ಹಾಕಿಸಿ. ಇಡೀ ಪುಸ್ತಕದಲ್ಲಿ ಅದೊಂದು ಮಾತು ಮಾತ್ರ ಅವಳದಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತೆ."

ಅವಳು ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. ಸಣ್ಣ ನಿಬ್ಬನ್ನು ಬದಿಗಿಟ್ಟು ಶೀರ್ಷಿಕೆ ಬರೆಯುವ ದಪ್ಪ ನಿಬ್ಬನ್ನು ಶಾಯಿಯಲ್ಲಿ ಅದ್ದಿದಳು. ಅಕ್ಷರ ಬರೆಯಲಿಲ್ಲ. ಗುಳ್ಳೆಯ ಗೆರೆಯ ಮೇಲೇ ನಿಬ್ಬನ್ನೂರಿ, ಉಸಿರು ಬಿಗಿಹಿಡಿದು, ಸುತ್ತಲೂ ತಿದ್ದಿದಳು. ಒಣಗಿದ ಮೇಲೆ ಇನ್ನೊಂದು ಸುತ್ತು. ಪುಟದಲ್ಲಿ ಅಷ್ಟು ಕಪ್ಪಾದ ಗೆರೆ ಬೇರೊಂದಿರಲಿಲ್ಲ.

"ಈಗ ಮರೆತಿದ್ದಾರೆ ಅಂತ ಯಾರೂ ಅನ್ನಲ್ಲ," ಎಂದಳು.

ಸಂಪಾದಕರು ಹಾಳೆಯನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ಮೊಂಡಿ," ಎಂದು ಗೊಣಗಿ ಅದನ್ನು ಅಚ್ಚಿಗೆ ಹೋಗುವ ಕಟ್ಟಿನೊಳಗೆ ಸೇರಿಸಿದರು.

ಮರುದಿನ ಸಂಜೆ ಚಾಲಕರ ಸಂಘದ ಸಭಾಂಗಣ ತುಂಬಿತ್ತು. ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಅಪ್ಪ ವೇದಿಕೆಯ ನಡುವೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಫಲಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನಿಂದ ಬದುಕಿದವರು ಒಬ್ಬೊಬ್ಬರಾಗಿ ಬಂದು ಮಾತಾಡಿದರು. ಒಬ್ಬಾಕೆ ಅತ್ತೇಬಿಟ್ಟಳು. ಅವರ್ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಅದೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ಉರಿಸಿತು. ಮುಂದಿನ ಸಾಲಿನಲ್ಲಿ ಅಮ್ಮ ಓರೆಯಾಗಿ, ವೇದಿಕೆಗೆ ಎಡಗಿವಿ ಕೊಟ್ಟು ಕೂತಿದ್ದಳು.

"ಈಗ ಮಕ್ಕಳ ಪರವಾಗಿ, ಮಗಳು!" ಎಂದು ಕೂಗಿದ ಕಾರ್ಯಕ್ರಮ ನಡೆಸುತ್ತಿದ್ದವ.

ಚಪ್ಪಾಳೆಯ ನಡುವೆ ಅವಳು ಮೆಟ್ಟಿಲು ಹತ್ತಿದಳು. ಅಪ್ಪ ಅವಳತ್ತ ತಿರುಗಿ ನಕ್ಕ. ಈಗಾಗಲೇ ಸಿಕ್ಕಿಬಿಟ್ಟದ್ದನ್ನು ಕೈಗೆ ತೆಗೆದುಕೊಳ್ಳಲು ಕೂತವನ ನಗು. ಅವಳು ಮೈಕಿನ ಮುಂದೆ ನಿಂತು ಅವನನ್ನೇ ನೋಡಿದಳು. ಚಪ್ಪಾಳೆ ನಿಂತಿತು. ಯಾರೋ ಕೆಮ್ಮಿದರು. ಅವಳು ನೋಡುತ್ತಲೇ ಇದ್ದಳು. ಅಪ್ಪನ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಇದ್ದು, ಆಮೇಲೆ ಎಲ್ಲಿರಬೇಕೋ ತಿಳಿಯದೆ ಹೋಯಿತು. ಅವನು ಫಲಕದ ಮೇಲಿನ ತನ್ನ ಹೆಸರನ್ನು ನೋಡತೊಡಗಿದ.

ತಮ್ಮ ವೇದಿಕೆಯ ಪಕ್ಕದಿಂದ ಕೈಸನ್ನೆ ಮಾಡುತ್ತಿದ್ದ, ಹೇಳು, ಏನಾದರೂ ಹೇಳು. ಕಾರ್ಯಕ್ರಮ ನಡೆಸುತ್ತಿದ್ದವ ಓಡಿಬಂದು ಮೈಕಿಗೆ ಬೆರಳಿನಿಂದ ಬಡಿದ. "ಹಲೋ, ಹಲೋ... ಕ್ಷಮಿಸಿ, ಮೈಕ್ ಕೆಟ್ಟಿರೋ ಹಾಗಿದೆ."

"ಮೈಕ್ ಸರಿಯಾಗೇ ಇದೆ," ಎಂದಳು ಅವಳು.

ಆ ಮಾತು ಸಭಾಂಗಣದ ಕೊನೆಯ ಗೋಡೆಯವರೆಗೂ ಕೇಳಿಸಿತು. ಅವಳು ಮತ್ತೆ ತುಟಿ ತೆರೆಯಲಿಲ್ಲ, ಕೆಳಗೆ ಇಳಿಯಲೂ ಇಲ್ಲ.

ಮುಂದಿನ ಸಾಲಿನಲ್ಲಿ ಕುರ್ಚಿಯೊಂದು ಕಿರುಗುಟ್ಟಿತು. ಅಮ್ಮ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡು, ಕುರ್ಚಿಯನ್ನೇ ತಿರುಗಿಸಿಕೊಂಡು, ಬಲಗಿವಿಯನ್ನು ವೇದಿಕೆಯ ಕಡೆ ಕೊಟ್ಟು ಕೂತಳು.