ಎಲ್ಲಿಯವರೆಗೆ ಅರ್ಥ ಆಯ್ತು?

ಮಕ್ಕಳು ಶಾಲೆಯಿಂದ ಒಂದು ಚೀಟಿ ತರುತ್ತಾರೆ. ಶುಕ್ರವಾರ, ಶನಿವಾರ ಶಿಕ್ಷಕರಿಗೆ ತರಬೇತಿ, ಆದ್ದರಿಂದ ತರಗತಿಗಳಿಲ್ಲ ಎಂದು. ಮಕ್ಕಳು ಕುಣಿಯುತ್ತಾರೆ. ದೊಡ್ಡವರು ಗೊಣಗುತ್ತಾರೆ, ಇಷ್ಟು ವರ್ಷ ಪಾಠ ಮಾಡಿದವರು ಇನ್ನೇನು ಕಲಿಯಬೇಕಂತೆ ಎಂದು. ನಮ್ಮ ಮನೆಯಲ್ಲಿ ಹಾಗೆ ಗೊಣಗಿದವಳು ಸ್ವತಃ ಟೀಚರ್. ನನ್ನ ತಂಗಿ.

ಅವಳು ಏಳನೆಯ ತರಗತಿಗೆ ಗಣಿತ ಹೇಳಿಕೊಡುತ್ತಾಳೆ. ಇಪ್ಪತ್ತಾರು ವರ್ಷವಾಯಿತು. ಶಾಲೆಯಲ್ಲಿ ಅವಳ ಹೆಸರೇ ಲೆಕ್ಕದ ಮಿಸ್. ಪಾಠದ ಕೊನೆಯಲ್ಲಿ ಸೀಮೆಸುಣ್ಣ ಕೆಳಗಿಟ್ಟು, ಕೈ ಕೊಡವಿ, "ಅರ್ಥ ಆಯ್ತಾ?" ಎನ್ನುತ್ತಾಳೆ. ಮೂವತ್ತೆಂಟು ಮಕ್ಕಳೂ ಒಂದೇ ರಾಗದಲ್ಲಿ "ಆ...ಯ್ತು ಮಿಸ್" ಎನ್ನುತ್ತಾರೆ. ಅದು ಕೇಳಿಸಿದೊಡನೆ ಪಕ್ಕದ ತರಗತಿಯವರು ಪುಸ್ತಕ ಮುಚ್ಚುತ್ತಾರಂತೆ, ಪೀರಿಯಡ್ ಮುಗಿಯಿತೆಂದು.

ಆದರೆ ಈ ಸಲದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಇಪ್ಪತ್ತೊಂದು ಮಕ್ಕಳು ಭಿನ್ನರಾಶಿಯಲ್ಲಿ ಮುಗ್ಗರಿಸಿದರು. ತರಗತಿಗೆ ಹೋದ ವರ್ಷವೇ ಸ್ಮಾರ್ಟ್ ಬೋರ್ಡ್ ಬಂದಿತ್ತು. ಧೂಳು ಹಿಡಿಯಬಾರದೆಂದು ತಂಗಿ ಅದಕ್ಕೊಂದು ಗವಸು ಹಾಕಿಸಿದ್ದಳು. ಹಳೆಯ ಕಿಟಕಿ ಪರದೆಯಲ್ಲಿ ಹೊಲಿದುಕೊಟ್ಟವಳು ನಾನೇ. ಹಾಕಿದ ಗವಸನ್ನು ಅವಳು ತೆಗೆದೇ ಇರಲಿಲ್ಲ. ಫಲಿತಾಂಶ ನೋಡಿದ ಹೆಡ್ ಮಿಸ್, "ನೀವೂ ತರಬೇತಿಗೆ ಬರಲೇಬೇಕು" ಎಂದರು.

ಗುರುವಾರ ಸಂಜೆ ತಂಗಿ ಊಟದ ಮೇಜಿನ ಮೇಲೆ ಏನನ್ನೋ ಬರೆಯುತ್ತಿದ್ದಳು.

"ಏನೇ ಅದು?"

"ರಾಜೀನಾಮೆ. ಸೋಮವಾರ ಕೊಡ್ತೀನಿ."

"ಇನ್ನು ನಾಲ್ಕೇ ವರ್ಷ ಇರೋದಲ್ವೇನೆ?"

"ನಾಲ್ಕು ವರ್ಷ ಅವಳ ಹತ್ರ ಪಾಠ ಹೇಳಿಸಿಕೊಳ್ಳಲಾ? ತರಬೇತಿ ಕೊಡೋದು ಯಾರು ಗೊತ್ತಾ ಅಕ್ಕ? ನಮ್ಮ ಮಹಡಿ ಮೇಲಿನ ಕಂಪ್ಯೂಟರ್ ಮಿಸ್. ನನ್ನ ಹತ್ರಾನೇ ಓದಿದೋಳು. ಮೂಗು ಒರೆಸಿಕೊಳ್ಳೋಕೂ ಬರ್ತಿರಲಿಲ್ಲ."

"ಈಗ ಬರತ್ತಲ್ಲ ಬಿಡು."

ಅವಳು ನಗಲಿಲ್ಲ. ನನಗೂ ಒಳಗೊಳಗೇ ಭಯವಾಯಿತು. ರಜೆಯಲ್ಲೂ ಬೆಳಿಗ್ಗೆ ಒಂಬತ್ತಕ್ಕೆ ತಲೆ ಬಾಚಿ, ವಾಚು ಕಟ್ಟಿಕೊಂಡು ಕೂರುವವಳು ಅವಳು. ಶಾಲೆ ಬಿಟ್ಟು ಏನು ಮಾಡಿಯಾಳು?

"ಎರಡು ದಿನ ಹೋಗಿ ಬಾ. ಆಮೇಲೆ ಕೊಡುವಿಯಂತೆ."

"ಹೋಗ್ತೀನಿ. ಹಿಂದಿನ ಬೆಂಚಲ್ಲಿ ಕೂತು ಪೇಪರ್ ತಿದ್ತೀನಿ."

ಶನಿವಾರ ಬಂದವಳು ಚಪ್ಪಲಿ ಬಿಟ್ಟು ಮೇಜಿನ ಮುಂದೆ ಕುಳಿತಳು. ನಾನು ಟೀ ತಂದಿಟ್ಟೆ.

"ಏನಾಯ್ತೇ?"

"ಒಬ್ಬೊಬ್ಬರಿಗೂ ಟ್ಯಾಬ್ಲೆಟ್ ಕೊಟ್ಟು ತೋರಿಸಿದಳು. ಇಲ್ಲಿ ಒತ್ತಿ, ಅಲ್ಲಿ ಎಳೀರಿ ಅಂತ. ನಂಗೆ ಒಂದಕ್ಷರ ತಲೆಗೆ ಹೋಗ್ಲಿಲ್ಲ. ಕೊನೇಲಿ, ಅರ್ಥ ಆಯ್ತಾ ಅಂದಳು."

"ನೀನೇನಂದೆ?"

"ಆಯ್ತು ಅಂದೆ." ಅವಳು ಲೋಟವನ್ನೇ ನೋಡುತ್ತಿದ್ದಳು. "ಎಲ್ಲರ ಜೊತೆ ಸೇರಿಕೊಂಡು. ಅದೇ ರಾಗದಲ್ಲಿ, ಅಕ್ಕ."

ಆ ಟೀಯನ್ನು ಅವಳು ಕುಡಿಯಲಿಲ್ಲ.

ಭಾನುವಾರ ಬೆಳಿಗ್ಗೆ ಕಂಪ್ಯೂಟರ್ ಮಿಸ್ ಮಹಡಿ ಇಳಿದು ಬಂದಳು. ಕಂಕುಳಲ್ಲಿ ಟ್ಯಾಬ್ಲೆಟ್. ತಂಗಿಯ ಎದುರು ಅವಳು ಇವತ್ತಿಗೂ ಕೂರುವ ಮೊದಲು ಅಪ್ಪಣೆಗಾಗಿ ಮುಖ ನೋಡುತ್ತಾಳೆ.

"ಮಿಸ್, ನೀವು ನಿನ್ನೆ ಆಯ್ತು ಅಂದಿದ್ದು ಸುಳ್ಳು."

"ನಿಂಗೆ ಹೇಗೆ ಗೊತ್ತು?"

"ನಿಮ್ಮ ಟ್ಯಾಬ್ಲೆಟ್ ಆನೇ ಆಗಿರಲಿಲ್ಲ."

ತಂಗಿ ಕನ್ನಡಕ ತೆಗೆದು ಒರೆಸತೊಡಗಿದಳು. ಅದು ಮೊದಲೇ ಶುಭ್ರವಾಗಿತ್ತು.

"ನೀವೊಬ್ರೇ ಅಲ್ಲ ಮಿಸ್. ಹದಿನಾಲ್ಕು ಜನಾನೂ ಆಯ್ತು ಅಂದ್ರು. ಆಮೇಲೆ ನೋಡಿದ್ರೆ ಮೂರೇ ಜನಕ್ಕೆ ಬಂದಿತ್ತು. ಅರ್ಥ ಆಯ್ತಾ ಅಂತ ನಾನು ಬೇಕಂತಲೇ ಕೇಳಿದ್ದು. ಅದಕ್ಕೆ ಇರೋದು ಒಂದೇ ಉತ್ತರ. ಇಲ್ಲ ಅಂದ್ರೆ ನಾನೊಬ್ಬಳೇ ದಡ್ಡಿ ಅಂತ ಆಗತ್ತಲ್ಲ."

"ನನ್ನ ಕ್ಲಾಸಲ್ಲಿ ಯಾರೂ ಹಾಗೆ ಹೆದರಲ್ಲ. ನೀನೇನು ಹೆದರಿದ್ಯಾ?"

"ನಾನೂ ಆಯ್ತು ಅಂತಿದ್ದೆ ಮಿಸ್. ಮನೇಲಿ ಅಣ್ಣ ಮತ್ತೆ ಹೇಳಿಕೊಡ್ತಿದ್ದ."

"ಭಿನ್ನರಾಶಿನಾ?"

"ಭಿನ್ನರಾಶಿ, ದಶಮಾಂಶ, ಎಲ್ಲಾನೂ."

ನಾನು ಎದ್ದು ಒಗೆದ ಬಟ್ಟೆ ಮಡಿಸಲು ಹೋದೆ. ನಕ್ಕರೆ ತಂಗಿಗೆ ನೋವಾಗುತ್ತಿತ್ತು.

"ಹಾಗಾದ್ರೆ ಏನಂತ ಕೇಳ್ಬೇಕು?" ಎಂದಳು ಲೆಕ್ಕದ ಮಿಸ್, ತೀರ ಸಣ್ಣ ದನಿಯಲ್ಲಿ.

"ಎಲ್ಲೀವರೆಗೆ ಅರ್ಥ ಆಯ್ತು, ಅಂತ ಕೇಳಿ. ಆಗ ಯಾರೂ ದಡ್ಡರಾಗಲ್ಲ. ಎಲ್ಲರೂ ಎಲ್ಲೋ ಒಂದು ಕಡೆವರೆಗೆ ಬಂದೇ ಇರ್ತಾರೆ. ಒಬ್ಬೊಬ್ಬರೇ ಬರೀಲಿ, ಹೆಸರು ಬೇಡ. ಟ್ಯಾಬ್ಲೆಟಲ್ಲಾದ್ರೆ ಎಲ್ಲರ ಉತ್ತರ ಆಗಿಂದಾಗ್ಲೇ ಬೋರ್ಡ್ ಮೇಲೆ ಬರತ್ತೆ. ಆಗದಿದ್ರೆ ಚೀಟಿ ಸಾಕು. ಪಾಠಕ್ಕೆ ಮುಂಚೆ ಇನ್ನೊಂದು ಮಾತು ಕೇಳಿ, ಇವತ್ತು ಹೇಗಿದೀರಿ ಅಂತ. ಮನಸ್ಸು ಸರಿ ಇಲ್ಲದ ಮಗುಗೆ ಲೆಕ್ಕ ಎಲ್ಲಿ ಹತ್ತತ್ತೆ?" ಸ್ವಲ್ಪ ತಡೆದು ಕೇಳಿದಳು: "ನೀವು ಹೇಗಿದೀರಿ ಮಿಸ್?"

ತಂಗಿ ಕನ್ನಡಕ ಮತ್ತೆ ಹಾಕಿಕೊಂಡಳು.

"ಗಂಟಲು ನೋವು ಕಣೇ. ಒಂದು ತಿಂಗಳಾಯ್ತು. ಕೂಗಿ ಕೂಗಿ."

ಒಂದೇ ಮನೆಯಲ್ಲಿದ್ದ ನನಗೂ ಅದು ಗೊತ್ತಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಸೋಮವಾರ ಬೆಳಿಗ್ಗೆ ರಾಜೀನಾಮೆ ಅವಳ ಬ್ಯಾಗಿನಲ್ಲೇ ಇತ್ತು. ಸಂಜೆ ಅವಳು ಬರುವವರೆಗೂ ನಾನು ಕಿಟಕಿ ಬಿಟ್ಟು ಕದಲಲಿಲ್ಲ. ಬಂದವಳು ಮೇಜಿನ ಮೇಲೆ ಬ್ಯಾಗು ಕವುಚಿದಳು. ಮೂವತ್ತೆಂಟು ಚೀಟಿಗಳು.

"ಓದು ಅಕ್ಕ. ನನ್ನ ಗಂಟಲು ಹೋಗಿದೆ."

ನಾನು ಓದಿದೆ. 'ಎರಡು ಭಿನ್ನರಾಶಿ ಕೂಡುವಾಗ ಕೆಳಗಿನ ಅಂಕಿಗಳನ್ನು ಯಾಕೆ ಕೂಡಬಾರದು, ಅಲ್ಲಿಯವರೆಗೆ.' ಹನ್ನೊಂದು ಮಕ್ಕಳು ಇದೇ ಜಾಗದಲ್ಲಿ ನಿಂತಿದ್ದರು. ಇನ್ನೊಬ್ಬರು 'ನೀವು ಬೋರ್ಡ್ ಕಡೆ ತಿರುಗುವವರೆಗೆ' ಎಂದು ಬರೆದಿದ್ದರು. 'ಇವತ್ತು ಹೇಗಿದೀರಿ' ಎಂಬುದಕ್ಕೆ ಒಂದು ಮಗು 'ತಮ್ಮನಿಗೆ ಜ್ವರ, ನಿದ್ದೆ ಇಲ್ಲ' ಎಂದಿತ್ತು.

ಕೊನೆಯ ಚೀಟಿಯನ್ನು ಅವಳು ಕೈಯಲ್ಲೇ ಹಿಡಿದಿದ್ದಳು. ಹೆಸರಿರಲಿಲ್ಲ. ಆದರೆ ಇಪ್ಪತ್ತಾರು ವರ್ಷ ನೋಟ್‌ಬುಕ್ಕು ತಿದ್ದಿದವಳಿಗೆ ಅಕ್ಷರವೇ ಹೆಸರು. ಅದು ಗುಬ್ಬಿಯದು. ಮುಂದಿನ ಬೆಂಚಿನ ಪುಟ್ಟ ಹುಡುಗಿ, ಎಲ್ಲರಿಗಿಂತ ಜೋರಾಗಿ 'ಆಯ್ತು' ಎನ್ನುವವಳು. ಗುಬ್ಬಿ ಹೀಗೆ ಬರೆದಿದ್ದಳು:

'ಮೊದಲನೇ ದಿನದಿಂದಲೇ ಅರ್ಥ ಆಗಿಲ್ಲ ಮಿಸ್. ಆಯ್ತು ಅಂದ್ರೆ ನಿಮಗೆ ಖುಷಿ ಆಗತ್ತೆ. ಅದಕ್ಕೇ ಜೋರಾಗಿ ಹೇಳ್ತಿದ್ದೆ.'

ತಂಗಿ ಆ ಚೀಟಿಯನ್ನು ನನ್ನ ಮುಂದಿಟ್ಟಳು.

"ಇಷ್ಟು ದಿನ ನನ್ನನ್ನ ಸಮಾಧಾನ ಮಾಡ್ತಿದ್ಲು ಅಕ್ಕ, ಆ ಚೋಟುದ್ದ ಹುಡುಗಿ."

ನಾನು ಚೀಟಿ ತಿರುಗಿಸಿದೆ. ಹಿಂಬದಿಯಲ್ಲಿ ತಂಗಿಯದೇ ಅಕ್ಷರ: 'ಬಿಡುಗಡೆ ಮಾಡಬೇಕಾಗಿ'.

"ಇದು ರಾಜೀನಾಮೆ ಅಲ್ವೇನೆ?"

"ಚೀಟಿಗೆ ಕಾಗದ ಸಾಲಲಿಲ್ಲ. ಬ್ಯಾಗಲ್ಲಿ ಸಿಕ್ಕಿದ್ದನ್ನೆಲ್ಲ ಕತ್ತರಿಸಿದೆ. ಗುಬ್ಬಿ ಎದ್ದು ನಿಂತು, ಯಾರನ್ನ ಬಿಡುಗಡೆ ಮಾಡ್ತಿದೀರಿ ಮಿಸ್ ಅಂತ ಕೇಳಿದ್ಲು."

"ನೀನೇನಂದೆ?"

"ಯಾರನ್ನೂ ಇಲ್ಲ, ಕೂತು ಬರಿ ಅಂದೆ."

ಗೊತ್ತಿದ್ದೇ ಕತ್ತರಿಸಿದಳೋ, ಗೊತ್ತಿಲ್ಲದೆಯೋ, ನಾನು ಕೆದಕಲಿಲ್ಲ.

"ಹಾಗಾದ್ರೆ ಹೆಡ್ ಮಿಸ್‌ಗೆ ಏನೂ ಕೊಡಲಿಲ್ವಾ?"

"ಇನ್ನೊಂದು ದಿನ ತರಬೇತಿ ಇಡಿಸ್ತೀರಾ ಅಂತ ಕೇಳಿ ಬಂದೆ. ಟ್ಯಾಬ್ಲೆಟ್ ಆನ್ ಮಾಡೋವರೆಗೆ ಮಾತ್ರ ಅರ್ಥ ಆಗಿದೆ ಅಂದೆ."

ಮರುದಿನ ಅವಳು ಸ್ಮಾರ್ಟ್ ಬೋರ್ಡಿನ ಗವಸು ತೆಗೆದಳು. ಅದರ ಮೇಲೆ ಒಂದು ರೊಟ್ಟಿಯ ಚಿತ್ರ ತಂದು, ಅರ್ಧ, ಕಾಲು ಎಂದು ಗುಬ್ಬಿಯ ಬೆರಳಿನಿಂದಲೇ ಗೆರೆ ಎಳೆಸಿದಳಂತೆ. ಚೀಟಿ ಯಾರದೆಂದು ತನಗೆ ಗೊತ್ತಾಗಿದೆ ಎಂದು ಮಾತ್ರ ತೋರಿಸಿಕೊಳ್ಳಲಿಲ್ಲ. ಜ್ವರದ ತಮ್ಮನಿದ್ದ ಮಗುವಿಗೆ ಆ ವಾರ ಮನೆಗೆಲಸ ಕೊಡಲಿಲ್ಲ. ಗವಸು ಈಗ ಟ್ಯಾಬ್ಲೆಟ್ಟುಗಳ ಚೀಲವಾಗಿದೆ. ಹೊಲಿದವಳು ಮತ್ತೆ ನಾನೇ.

ಮುಂದಿನ ಪರೀಕ್ಷೆಯಲ್ಲೂ ಏಳು ಮಕ್ಕಳು ಮುಗ್ಗರಿಸಿದರು. ಆದರೆ ಆ ಏಳೂ ಮಕ್ಕಳು ಎಲ್ಲಿಯವರೆಗೆ ಬಂದಿದ್ದಾರೆಂದು ಲೆಕ್ಕದ ಮಿಸ್‌ಗೆ ಗೊತ್ತಿದೆ. ಅವಳ ಗಂಟಲೂ ವಾಸಿಯಾಗುತ್ತಿದೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಶಿಕ್ಷಕ ಬಂಧುಗಳೇ, ತರಬೇತಿಗೆ ಕರೆದಾಗ ಹೋಗಿ. ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನಿ. ನೀವು ಹಾಗೆ ಹೇಳಿದರೆ ಮಕ್ಕಳಿಗೂ ಹೇಳುವ ಧೈರ್ಯ ಬರುತ್ತದೆ. ತಂದೆತಾಯಂದಿರೇ, ಶಾಲೆಯಿಂದ ತರಬೇತಿಯ ಚೀಟಿ ಬಂದರೆ ಗೊಣಗಬೇಡಿ. ಆ ಎರಡು ದಿನ ನಿಮ್ಮ ಮಗುವಿಗಾಗಿಯೇ. ಇವತ್ತು ಸಂಜೆ ಮಗು ಪುಸ್ತಕ ಬಿಚ್ಚಿದಾಗ ಪಕ್ಕದಲ್ಲಿ ಕುಳಿತು, 'ಎಲ್ಲೀವರೆಗೆ ಅರ್ಥ ಆಯ್ತು?' ಎಂದು ಕೇಳಿ. ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ.