ಸಂತ ಕಿಂಗಾ ಚರ್ಚಿನ ಬೀಗದ ಕೈ

ಹೊಸ ಪಾದ್ರಿ ಪೋಲಿಷ್ ಭಾಷೆಯನ್ನು ತೀರಾ ಚೆನ್ನಾಗಿ ಮಾತಾಡುತ್ತಿದ್ದ. ಹೊನೊರಾತಾಳಿಗೆ ಅನುಮಾನ ಹುಟ್ಟಿದ್ದೇ ಅಲ್ಲಿ. ಪೋಲಿಷ್ ನಾಡು ಬಿಟ್ಟು ಅಮೆರಿಕಕ್ಕೆ ಬಂದು ಈ ಉಕ್ಕಿನ ಕಾರ್ಖಾನೆಯ ಬೀದಿ ಸೇರಿದ ಮೇಲೆ, ಬೈಗುಳ ಬೆರೆಸದೆ ಒಂದು ವಾಕ್ಯ ಮುಗಿಸಿದವನನ್ನು ಅವಳು ಕಂಡಿರಲೇ ಇಲ್ಲ.

ಸಂತ ಕಿಂಗಾ ಚರ್ಚಿಗೆ ಇಟ್ಟಿಗೆ ಹೊತ್ತವರೆಲ್ಲ ಪೋಲಿಷರು. ಗೋಪುರ ಎದ್ದದ್ದೇ ತಡ, ಜಾಗವನ್ನು ನನ್ನ ಹೆಸರಿಗೆ ಬರೆದುಕೊಡಿ ಎಂದ ಐರಿಷ್ ಬಿಷಪ್. ಜನ ಒಪ್ಪದೆ ಬಾಗಿಲಿಗೆ ಬೀಗ ಜಡಿದು, ಬೀಗದ ಕೈಯನ್ನು ದಾರಕ್ಕೆ ಕಟ್ಟಿ ಹೊನೊರಾತಾಳ ಕೊರಳಿಗೆ ಹಾಕಿದರು. ಅದು ಕೈತಪ್ಪಿದರೆ ಚರ್ಚೇ ಹೋದಂತೆ. ಈಗ ಅದೇ ಬಿಷಪ್ ಈ ಫಾದರ್ ಲುದ್ವಿಕ್‌ನನ್ನು ಕಳಿಸಿದ್ದಾನೆ. ನಾಳೆ ಈಸ್ಟರ್.

"ಹೆಸ್ರು ನೋಡಕ್ಕಾ, ಲುದ್ವಿಕ್ಕಂತೆ! ಅಪ್ಪಟ ಜರ್ಮನ್ ಮಾಲು," ಕುಲುಮೆ ಕೆಲಸದ ವಾಲೆಂತಿ ಅವಳ ಅಡುಗೆಮನೆಯಲ್ಲಿ ಕೂತು ಪಿಸುಗುಟ್ಟಿದ. "ಮೇಲೆ ಪೋಲಿಷ್ ಬಣ್ಣ ಬಳ್ದಿದಾರೆ, ಅಷ್ಟೇ."

"ಬಣ್ಣ ನಾನು ಕೆರೀತೀನಿ. ನೀನು ಬಾಯ್ಮುಚ್ಕೊಂಡು ಸಾರು ಕುಡಿ."

ಅವತ್ತು ರಾತ್ರಿಯೇ ಪಾದ್ರಿಯನ್ನು ಊಟಕ್ಕೆ ಕರೆದಳು. ಬೀಟ್ರೂಟ್ ಸಾರು ಬಡಿಸುತ್ತಾ, ಮೊಣಕೈ ತಾಗಿದಂತೆ ನಟಿಸಿ ಬ್ರೆಡ್ಡಿನ ತುಂಡೊಂದನ್ನು ನೆಲಕ್ಕೆ ಕೆಡವಿದಳು. ಪಾದ್ರಿ ಮಾತು ನಿಲ್ಲಿಸದೆಯೇ ಬಗ್ಗಿ, ಅದನ್ನೆತ್ತಿ, ಮುತ್ತಿಟ್ಟು, ಮೇಜಿನ ಮೇಲಿಟ್ಟ. ಪೋಲಿಷ್ ತಾಯಂದಿರು ಮಕ್ಕಳ ತಲೆಗೆ ಮೊಟಕಿ ಕಲಿಸುವ ಅಭ್ಯಾಸ ಅದು; ಯಾವ ಬಿಷಪ್ಪನೂ ಕಲಿಸಿಕೊಡಲಾರ.

"ನಮ್ಮೋನೇ ಕಣಕ್ಕಾ! ಕೊಟ್ಬಿಡು ಕೀನ!" ವಾಲೆಂತಿ ಕುಣಿದ.

ಅವಳ ಬೆರಳು ಕೊರಳಿನ ದಾರದವರೆಗೂ ಹೋಯಿತು. ಅಲ್ಲೇ ನಿಂತಿತು. "ಫಾದರ್, ಬಿಷಪ್ ಏನಂತ ಹೇಳಿ ಕಳಿಸಿದಾನೆ?"

"ಕೀ ಇಸ್ಕೊಂಡು ಬಾ ಅಂದಿದಾರೆ. ಜಾಗದ ಪತ್ರಕ್ಕೆ ಸಹೀನೂ ಹಾಕಿಸ್ಬೇಕಂತೆ."

"ಹಾಕಿಸ್ತೀರಾ?"

"ಬಿಷಪ್ಪರು ಹೇಳಿದ್ದು ಕೇಳ್ತೀನಿ ಅಂತ ದೇವರ ಮುಂದೆ ಮಾತು ಕೊಟ್ಟಿದೀನಮ್ಮ."

"ಅಯ್ಯೋ, ಇವ್ರು ನಮ್ಮೋರೂ ಹೌದು, ಅವ್ನ ಕಡೆಯೋರೂ ಹೌದು!" ವಾಲೆಂತಿ ಹಣೆ ಚಚ್ಚಿಕೊಂಡ. "ಇದಕ್ಯಾವ ಬ್ರೆಡ್ ಬೀಳಿಸ್ತೀಯಕ್ಕಾ?"

ಈಸ್ಟರ್ ಬೆಳಿಗ್ಗೆ ಹೊನೊರಾತಾಳೇ ಬೀಗ ತೆಗೆದಳು. ಪಾದ್ರಿ ಕೀಗೆಂದು ಕೈ ಚಾಚಿದ.

"ಪೂಜೆ ನಿಮ್ದು ಫಾದರ್, ಬೀಗ ನಮ್ದು. ನಡೀರಿ, ಹಾಡು ಶುರುವಾಯ್ತು."

ಇಡೀ ಪೂಜೆ ಮುಗಿಯುವವರೆಗೂ ಅವಳು ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಪ್ರಸಾದಕ್ಕೆಂದು ಎಲ್ಲರೂ ಮುಂದೆ ಹೋಗಿ ಮಂಡಿಯೂರಿದರು, ಅವಳು ಕದಲಲಿಲ್ಲ. ಕೊನೆಗೆ ಪಾದ್ರಿಯೇ ಪ್ರಸಾದದ ಬಟ್ಟಲು ಹಿಡಿದು ಬಾಗಿಲವರೆಗೂ ನಡೆದು ಬಂದು, ಅವಳ ನಾಲಿಗೆಯ ಮೇಲಿಡಲು ಅಪ್ಪದ ಚೂರೊಂದನ್ನು ಎತ್ತಿದ.

ಅವಳು ಬಾಯಿ ತೆರೆದಳು. ಮುಷ್ಟಿ ಮಾತ್ರ ತೆರೆಯಲಿಲ್ಲ.