ನಡೆಯುವ ಮಾತು, ಓಡುವ ಮಾತು

ಪ್ರತಿದಿನ ಬೆಳಗ್ಗೆ, ಕುದುರೆಯನ್ನು ಜಟಕಾಗೆ ಹೂಡುವ ಮೊದಲು, ಮರಿಯಯ್ಯನವರು ನಮ್ಮ ಗೇಟಿನ ಬಳಿ ನಿಂತು ಐದು ನಿಮಿಷ ಲೋಕಾಭಿರಾಮವಾಗಿ ಮಾತಾಡಿ, ಕೊನೆಗೆ ಅದೇ ಪ್ರಶ್ನೆ ಕೇಳುತ್ತಿದ್ದರು: “ನನ್ ಮಾತು ನಡೀತಾ ಅದಾ, ಓಡ್ತಾ ಅದಾ? ವಸಿ ಯೋಳಿ ಅಮ್ಮಾವ್ರೆ.”

ಪೂಜೆಗೆ ನಂದಿಬಟ್ಟಲು ಬಿಡಿಸುತ್ತ ನಾನು ಕೇಳಿಸಿಕೊಳ್ಳುತ್ತಿದ್ದೆ. ನಡೆಯುತ್ತಿದೆ ಎಂದು ನಾನಂದರೆ, ಜಯಲಕ್ಷ್ಮಿಪುರಂನ ನಮ್ಮ ಬೀದಿಯ ತುದಿಯಲ್ಲಿದ್ದ ಲಾಯಕ್ಕೆ ಹೋಗಿ ತಮ್ಮ ಕುದುರೆ ಗೌರಿಯನ್ನು ಹೂಡುವರು. ಓಡುತ್ತಿದೆ ಎಂದರೆ, ಅವಳಿಗೆ ಹುಲ್ಲು ಹಾಕಿ, ಆ ದಿನದ ದುಡಿಮೆ ಬಿಟ್ಟು ಕೆಸರೆಯ ಮನೆಗೆ ನಡೆದೇ ಹಿಂದಿರುಗುವರು. ಐವತ್ತಮೂರನೆಯ ಇಸವಿಯಲ್ಲಿ, ನಿದ್ದೆಯೇ ಬೇಡವೆನಿಸಿದ್ದ ಒಂದು ಉಲ್ಲಾಸದ ವಾರದಲ್ಲಿ, ಇಲವಾಲದ ದಾರಿಯಲ್ಲಿ ಹಾಡುತ್ತ ಜಟಕಾ ಹಾರಿಸಿ, ಗೌರಿಯನ್ನು ಬೀಳಿಸಿ ಅವಳ ಮೊಣಕಾಲಿಗೆ ಗಾಯ ಮಾಡಿದಂದಿನಿಂದ ಈ ವ್ರತ. “ಓಡಿದ್ದು ನನ್ ಬಾಯಿ, ಬಿದ್ದಿದ್ದು ಅವಳು,” ಎನ್ನುತ್ತಿದ್ದರು. ಮನೆಯವರನ್ನೇ ಕೇಳಬಾರದೆ ಎಂದಿದ್ದೆ ಒಮ್ಮೆ. “ಅವ್ರು ಎದರ್ಕಂಡು, ಸರಿಯಾಗೇ ಇದ್ದೀಯ ಅಂದ್ಬುಡ್ತಾರೆ ಕಣ್ರವ್ವ.”

ಅವರದೊಂದು ಹಳೆಯ ಖಾಕಿ ಕೋಟು. ಉಲ್ಲಾಸದ ದಿನಗಳಲ್ಲಿ ಗುಂಡಿಗಳೆಲ್ಲ ಬಿಚ್ಚಿ ಹಾರಾಡುತ್ತಿತ್ತು. ಬೀದಿಯ ಹೆಂಗಸರನ್ನೆಲ್ಲ ಬೆಟ್ಟಕ್ಕೆ ಕರೆದೊಯ್ಯುವ ವಾಗ್ದಾನ ಆಗಲೇ ಆಗುತ್ತಿತ್ತು. ವಿಷಾದ ಕವಿದಾಗ ಕಡುಬೇಸಗೆಯಲ್ಲೂ ಕೊರಳವರೆಗೆ ಗುಂಡಿ. ಆಗ ಮಾತು ಎದ್ದು ನಿಲ್ಲುವುದೇ ಕಷ್ಟ, ಆದರೂ ಬರುತ್ತಿದ್ದರು. “ಇವತ್ತು ನಾನು ಗೌರೀನ ಓಡ್ಸಾಕಿಲ್ಲ, ಅವಳೇ ನನ್ನ ಕರ್ಕಂಡೋಯ್ತಾಳೆ,” ಎಂದು ನಗದೆಯೇ ಹೇಳುವರು. ಜನ ತಲೆಕೆಟ್ಟವನೆಂದರು. ನನಗೆ ಕಂಡದ್ದು, ಎರಡು ಅವಸ್ಥೆಗಳಲ್ಲೂ ಚಾವಟಿಯನ್ನು ಕುದುರೆಗೆ ತಾಗಿಸದ ಅದೇ ಒಬ್ಬ ಮನುಷ್ಯ.

ಅವರ ಮಗಳು ಇಂದ್ರಮ್ಮನನ್ನು ನೋಡಲು ಗಂಡಿನವರು ರೈಲಿನಲ್ಲಿ ಬರುವ ದಿನ ಬಂತು. ಅವರನ್ನು ತಮ್ಮ ಜಟಕಾದಲ್ಲೇ ಕರೆತರಬೇಕೆಂದು ಮರಿಯಯ್ಯನವರು ತಿಂಗಳಿನಿಂದ ಅದರ ಹಿತ್ತಾಳೆ ಉಜ್ಜಿದ್ದರು. ಜಟಕಾ ಇದ್ದೂ ತರದಿದ್ದರೆ ಕಾರಣ ಹೇಳಬೇಕು. ಕಾರಣ ಕೇಳಿದ ಮೇಲೆ ಸಂಬಂಧ ಉಳಿಯುವುದೆಂಬ ಭರವಸೆ ಯಾರಿಗೂ ಇರಲಿಲ್ಲ. ಆ ಬೆಳಗ್ಗೆ ಕೋಟು ಬಿಚ್ಚಿತ್ತು. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ನುಗ್ಗುತ್ತಿತ್ತು. ಕೊನೆಗೆ ಪ್ರಶ್ನೆ ಬಂದಾಗ ನಾನು ಹೂಬುಟ್ಟಿಯನ್ನೇ ನೋಡುತ್ತ, “ನಡೀತಾ ಇದೆ, ಹೋಗಿ ಬನ್ನಿ ಮರಿಯಯ್ಯ,” ಎಂದೆ.



“ಏನಮ್ಮಾವ್ರೆ, ನೀವೂ ನಮ್ಮನೆಯವ್ರಂಗೇ ಆಗ್ಬುಟ್ರಿ.”

ಮನಸ್ಸು ತನ್ನ ಪಾಡಿಗೆ ನೆಟ್ಟಗಿರುವ ನಮ್ಮಂಥವರು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಅದು ಕೈಕೊಡಬಲ್ಲದೆಂದು ಅರಿತವರು, ಗಾಳಿಗಿಟ್ಟ ದೀಪವನ್ನು ಕಾಯುವಂತೆ, ದಿನವೂ ಅದನ್ನು ಕಾಯುತ್ತಾರೆ. ಅಂಥವರ ಸತ್ಯನಿಷ್ಠೆಯ ಮುಂದೆ ನಮ್ಮ ಕರುಣೆ ಎಷ್ಟೋ ಸಲ ಸಣ್ಣದಾಗಿ ಕಾಣುತ್ತದೆ.

ನಾಚಿಕೆಯಿಂದಲೇ ಇನ್ನೊಂದು ದಾರಿ ತೋರಿಸಿದೆ: ನಮ್ಮ ಯಜಮಾನರು ಸ್ಟೇಷನ್ನಿಗೆ ಬಂದು, ಕುದುರೆಗೆ ಕಾಲುನೋವೆಂದು ಗಂಡಿನವರಿಗೆ ಹೇಳುತ್ತಾರೆ.

ಮರಿಯಯ್ಯನವರು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡು, ಸ್ಟೇಷನ್ನಿನ ಕಡೆ ನಡೆಯಲು ತಿರುಗಿದರು.

“ಬ್ಯಾಡಿ ಅಮ್ಮಾವ್ರೆ. ಗೌರಿ ಕಾಲು ಚೆನ್ನಾಗೇ ಅದೆ. ನನ್ ಮಾತು ಓಡ್ತಾ ಅದೆ, ಅಂಗೇ ಯೋಳ್ತೀನಿ.”